ಹಂಡೆಗೆ ಕಿವಿಯಿಟ್ಟವನು

ಯುದ್ಧವೆಂದರೆ ಕತ್ತಿ, ಕುದುರೆ, ಕಹಳೆ ಎಂದುಕೊಂಡವರು ಮುತ್ತಿಗೆಗೆ ಸಿಕ್ಕಿದ ಊರನ್ನು ನೋಡಿದವರಲ್ಲ. ಮುತ್ತಿಗೆಯಲ್ಲಿ ಮೊದಲು ಲೂಟಿಯಾಗುವುದು ಅಡಿಗೆಮನೆ, ಅದೂ ಸ್ವಂತ ಸೈನ್ಯದ ಕೈಯಲ್ಲಿ. ಕೋಟೆಬಾಗಿಲು ಮುಚ್ಚಿ ತಿಂಗಳು ತುಂಬುವುದರೊಳಗೆ ದಳಪತಿಯ ಆಳುಗಳು ಮನೆಮನೆಗೆ ನುಗ್ಗಿ ದೊಡ್ಡ ತಾಮ್ರದ ಹಂಡೆಗಳನ್ನೆಲ್ಲ ಹೊತ್ತುಕೊಂಡು ಹೋದರು. ಗೋಡೆಯ ಒಳಮಗ್ಗುಲಿಗೆ ಉದ್ದಕ್ಕೂ ಸೊಂಟದ ಮಟ್ಟದ ಗುಂಡಿಗಳನ್ನು ತೋಡಿ, ಒಂದೊಂದರಲ್ಲಿ ಒಂದೊಂದು ಹಂಡೆಯನ್ನು ಬೋರಲು ಹಾಕಿ ಮಣ್ಣಿಗೆ ಒತ್ತಿ ಕೂರಿಸಿದರು. ಅದರ ತಳಕ್ಕೆ ಕಿವಿ ಹಚ್ಚಿ ಮಲಗಿದರೆ ನೆಲದೊಳಗಿನ ಸದ್ದು ಕೇಳುತ್ತದೆ. ಹೊರಗಿನವರು ಸುರಂಗ ತೋಡಿಕೊಂಡು ಗೋಡೆಯ ಬುಡಕ್ಕೆ ಬರುತ್ತಿದ್ದರೆ ಅವರ ಗುದ್ದಲಿ ಏಳುವುದು ಬೀಳುವುದೆಲ್ಲ ಹಂಡೆಯಲ್ಲಿ ಗೊತ್ತಾಗುತ್ತದೆ. ಬುಡಕ್ಕೆ ಬಂದವರು ಗೋಡೆಗೆ ಕೆಳಗಿನಿಂದ ಮರದ ಕಂಬ ಕೊಡುತ್ತಾರೆ. ಆಮೇಲೆ ಕಂಬಗಳಿಗೆ ಬೆಂಕಿಯಿಟ್ಟು ಓಡುತ್ತಾರೆ. ಕಂಬ ಸುಟ್ಟರೆ ಗೋಡೆ ಕೂರುತ್ತದೆ. ಗೋಡೆ ಕೂತರೆ ಊರಿನ ಕಥೆ ಅಲ್ಲಿಗೆ ಮುಗಿಯಿತು.

ಬಡಗಣ ಬುರುಜಿನ ಪಕ್ಕದ ಹಂಡೆಗೆ ಕಿವಿಯಿಟ್ಟು ಮಲಗುತ್ತಿದ್ದವನು ಚಿಕ್ಕ. ಬಾವಿ ತೋಡುವ ಅಣ್ಣತಮ್ಮಂದಿರಲ್ಲಿ ಕಿರಿಯವನು. ಊರಿನ ಅರ್ಧ ಬಾವಿಗಳು ಅವರಿಬ್ಬರ ಕೈಯಲ್ಲಿ ಆದವು. ಅಣ್ಣ ಕೆಳಗೆ, ಚಿಕ್ಕ ಮೇಲೆ. ಅಣ್ಣನಿಗೆ ಗುದ್ದಲಿ, ಇವನಿಗೆ ಹಗ್ಗ. ಹುಡುಗನಾಗಿದ್ದಾಗ ಒಮ್ಮೆ ಬಾವಿಗೆ ಇಳಿದ ಚಿಕ್ಕ ಉಸಿರು ಕಟ್ಟಿ, ಕೈಕಾಲು ಸೆಟೆದು, ಒದ್ದೆ ಬಟ್ಟೆಯ ಹಾಗೆ ಮೇಲಕ್ಕೆ ಎಳೆಸಿಕೊಂಡಿದ್ದ. ಅಂದಿನಿಂದ ಅವನು ಮೊಣಕಾಲಿಗಿಂತ ಆಳದ ಕಡೆ ಹೋದವನಲ್ಲ. ಈ ಸೊಂಟದ ಮಟ್ಟದ ಗುಂಡಿಗೂ ಆಕಾಶ ಕಾಣುತ್ತದೆಂಬ ಧೈರ್ಯದಿಂದಲೇ ಇಳಿಯುತ್ತಿದ್ದ. ಅಣ್ಣ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆಲ್ಲ, "ಕೆಳಗೆ ಯಾವ ಕತ್ತೆನಾದ್ರೂ ಕೆರೆಯುತ್ತೆ. ಹಗ್ಗಕ್ಕೆ ನನ್ನ ತಮ್ಮನ ಕೈನೇ ಬೇಕು" ಎನ್ನುತ್ತಿದ್ದ. ಊರು ನಂಬಿತ್ತು. ಕೆಲವೊಮ್ಮೆ ಚಿಕ್ಕನೂ ನಂಬುತ್ತಿದ್ದ.

ಕೋಟೆಬಾಗಿಲು ಮುಚ್ಚುವ ಕೆಲವೇ ದಿನಗಳ ಮುಂಚೆ ಅಣ್ಣ ಹೊರಗಿನ ಹಳ್ಳಿಯೊಂದಕ್ಕೆ ಬಾವಿ ಕೆಲಸಕ್ಕೆ ಹೋದ. ಚಿಕ್ಕನ ಕಾಲು ಉಳುಕಿತ್ತು, ಹಾಗಾಗಿ ಹಗ್ಗಕ್ಕೆ ಬೇರೆ ಯಾರನ್ನೋ ಕರೆದುಕೊಂಡು ಹೋದ. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಹಳೇ ಹಗ್ಗ ನೆನೆದಿದೆ, ಬಿಸಿಲಿಗೆ ಹಾಕು. ಒದ್ದೆಯಾಗಿ ಸುತ್ತಿಟ್ರೆ ಒಳಗೊಳಗೇ ಕೊಳೆಯುತ್ತೆ, ಥೇಟ್ ನಿನ್ನ ಹಾಗೆ" ಎಂದು ನಕ್ಕಿದ್ದ. ಆಮೇಲೆ ಸುದ್ದಿಯಿಲ್ಲ. ಹಳ್ಳಿ ಸುಟ್ಟ ಹೊಗೆ ಮಾತ್ರ ಬುರುಜಿನಿಂದ ಕಂಡಿತು. ಅತ್ತಿಗೆ ಅಳಲಿಲ್ಲ. "ಹೆಣ ನೋಡೋವರೆಗೂ ಅಳಲ್ಲ" ಎಂದುಬಿಟ್ಟಿದ್ದಳು. ಚಿಕ್ಕ ಹಗ್ಗವನ್ನು ಒಣಗಿಸಿ, ಸುತ್ತಿ, ಗೂಟಕ್ಕೆ ನೇತುಹಾಕಿದ್ದ.

ಹಂಡೆ ಯಾರ ಮನೆಯದೋ ಆ ಮುದುಕಿ ದಿನಾ ಊಟದ ಹೊತ್ತಿಗೆ ಬಂದು ಗುಂಡಿಯ ಅಂಚಿನಲ್ಲಿ ಕೂರುತ್ತಿದ್ದಳು.

"ಏನಾದ್ರೂ ಕೇಳ್ತೇನೋ?"

"ನಿನ್ನ ಬಾಯೊಂದು ಬಿಟ್ಟು ಬೇರೇನೂ ಕೇಳ್ತಿಲ್ಲ ಅಜ್ಜಿ."

"ಕೇಳಲಿ ಬಿಡು. ಆ ಹಂಡೆಗೆ ಒಂದು ತಗ್ಗು ಬಿದ್ದಿರಲಿ, ನಿನ್ನ ಬುರುಡೆ ಮೇಲೆ ಅದೇ ಅಳತೆ ತಗ್ಗು ಮೂಡಿಸ್ತೀನಿ. ನನ್ನ ಗಂಡ ಸತ್ತಾಗಲೂ ಅದು ಒಲೆ ಬಿಟ್ಟು ಇಳಿದಿರಲಿಲ್ಲ."

ಅಂದು ಮಧ್ಯಾಹ್ನವೂ ಅವಳು ಹೀಗೇ ಗೊಣಗುತ್ತಿದ್ದಾಗ ಚಿಕ್ಕ ಕೈಯೆತ್ತಿ ಸುಮ್ಮನಿರು ಎಂದ. ಹಂಡೆಯೊಳಗೆ, ಬಹಳ ದೂರದಿಂದ, ಗುದ್ದಲಿಯ ಸದ್ದು. ಒಂದಲ್ಲ, ನಾಲ್ಕಾರು. ಅವುಗಳ ನಡುವೆ ಇನ್ನೊಂದು: ಟಕ್ ಟಕ್. ಒಂದು ಉಸಿರಿನಷ್ಟು ತಡೆದು, ಟಕ್.

ಮಣ್ಣು ಗಟ್ಟಿಯೋ ಪೊಳ್ಳೋ ನೋಡಲು ಬಾವಿಯವರೆಲ್ಲ ಗುದ್ದಲಿಯ ಹಿಡಿಯಿಂದ ತಟ್ಟುತ್ತಾರೆ. ಆದರೆ ಎರಡು ತಟ್ಟಿ, ನಿಂತು, ಏನೋ ನೆನಪಾದವರ ಹಾಗೆ ಇನ್ನೊಂದು ತಟ್ಟುವವನು ಒಬ್ಬನೇ. ಆ ಮೂರನೆಯ ತಟ್ಟಿಗಾಗಿ ಬಾವಿಯ ಬಾಯಲ್ಲಿ ಕಾದು ಚಿಕ್ಕ ದೊಡ್ಡವನಾದದ್ದು. ಅಣ್ಣ ಬದುಕಿದ್ದಾನೆ. ಅಣ್ಣ ಗೋಡೆಯ ಬುಡಕ್ಕೆ ಬರುತ್ತಿದ್ದಾನೆ. ಹಿಡಿದವರು ಕೈಗೆ ಗುದ್ದಲಿ ಕೊಟ್ಟು, ಬೆನ್ನಿಗೆ ಈಟಿ ಇಟ್ಟಿದ್ದಾರೆ.

"ಏನಾಯ್ತೋ?" ಎಂದಳು ಅಜ್ಜಿ.

"ನೀರು ಎಲ್ಲೋ ಹನೀತಿದೆ" ಎಂದ ಚಿಕ್ಕ.

ಕೇಳಿದ್ದನ್ನು ಹೇಳದೆ ಇರುವುದಕ್ಕೆ ಶಿಕ್ಷೆ ಗೋಡೆಯ ಮೇಲಿಂದ ಕೆಳಕ್ಕೆ ನೂಕುವುದು. ಹೇಳಿದರೆ ಏನಾಗುತ್ತದೆಂಬುದೂ ಅವನಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಕಮ್ಮಾರನ ಅಂಗಳದಲ್ಲಿ ಆ ಯಂತ್ರ ಸಿದ್ಧವಾಗಿ ಕೂತಿತ್ತು: ಆಳೆತ್ತರದ ಮಣ್ಣಿನ ಗುಡಾಣ, ಅದರ ತಳದಲ್ಲೊಂದು ತೂತು, ತೂತಿಗೆ ಕಬ್ಬಿಣದ ಕೊಳವೆ, ಬಾಯಿಗೆ ಕುಲುಮೆಯ ತಿದಿ. ಗುಡಾಣದ ತುಂಬ ಹಕ್ಕಿಯ ಗರಿ, ನಡುವೆ ಕೆಂಡ. ಒಳಗಿನಿಂದ ಎದುರು ಸುರಂಗ ತೋಡಿ, ನಡುವಿನ ಮಣ್ಣಿಗೆ ಕೊಳವೆ ತೂರಿಸಿ ತಿದಿಯೊತ್ತಿದರೆ, ಗರಿ ಸುಟ್ಟ ಹೊಗೆ ಹೊರಗಿನವರ ಸುರಂಗಕ್ಕೆ ನುಗ್ಗುತ್ತದೆ. ಆ ಹೊಗೆಯಲ್ಲಿ ಮನುಷ್ಯ ಹತ್ತು ಹೆಜ್ಜೆ ಇಡಲಾರ. ಎಂಥ ಬುದ್ಧಿ, ಎಂಥ ಉಪಾಯ ಎಂದು ಊರಿನ ದೊಡ್ಡವರು ಅದರ ಸುತ್ತ ನಿಂತು ತಲೆದೂಗಿದ್ದರು. ಮನುಷ್ಯನನ್ನು ಇಲಿಯ ಹಾಗೆ ಸಾಯಿಸುವುದಕ್ಕೆ ಇಷ್ಟು ತಲೆ ಓಡುತ್ತದೆ. ಅದೇ ತಲೆ ಒಂದು ಸಂಧಿಮಾತಿಗೆ ಓಡುವುದಿಲ್ಲ.

ಗರಿಗಾಗಿ ಮನೆಮನೆಯ ತಲೆದಿಂಬುಗಳನ್ನು ಒಯ್ದಿದ್ದರು. ಅತ್ತಿಗೆ ತನ್ನದನ್ನು ಕೊಟ್ಟಿದ್ದಳು. ಅಣ್ಣನದನ್ನು ಕಾಳಿನ ಖಾಲಿ ಕಣಜದೊಳಗೆ ಅಡಗಿಸಿದ್ದಳು.

ಸಂಜೆ ಚಿಕ್ಕ ಮನೆಗೆ ಬಂದಾಗ ಅವಳು ಕಣಜದ ಮುಂದೆಯೇ ಕೂತು ಬಟ್ಟೆಗೆ ತೇಪೆ ಹಾಕುತ್ತಿದ್ದಳು.

"ಮತ್ತೆ ಬಂದಿದ್ರು" ಎಂದಳು. "ಇನ್ನೊಂದು ದಿಂಬು ಎಲ್ಲಿ ಅಂದ್ರು. ಗಂಡ ಮರದ ಕೊರಡು ಇಟ್ಕೊಂಡು ಮಲಗ್ತಿದ್ದ, ಬೇಕಾದ್ರೆ ಒಯ್ಯಿರಿ ಅಂದೆ."

"ಕೊಟ್ಟುಬಿಡಬಾರದಾ ಅತ್ತಿಗೆ."

"ಅದರಲ್ಲಿ ಅವರ ತಲೆ ಗುಳಿ ಹಾಗೇ ಇದೆ ಕಣೋ. ಕೊಟ್ರೆ ಏನು ಉಳೀತು ನನಗೆ."

ಚಿಕ್ಕ ಗೋಡೆಗೊರಗಿ ಕೂತ. ಹೇಳಿದ. ಅವಳ ಕೈಯಲ್ಲಿ ಸೂಜಿ ನಿಂತಿತು.

"ನಾನೂ ಕೇಳಬೇಕು" ಎಂದಳು.

ಮರುದಿನ ಬೆಳಿಗ್ಗೆ ಅಜ್ಜಿಯ ಜೊತೆ ಅತ್ತಿಗೆಯೂ ಬಂದಳು. ಕಾವಲಿನವರು ಮುಖ ತಿರುಗಿಸಿದಾಗ ಗುಂಡಿಗಿಳಿದು ಹಂಡೆಗೆ ಕೆನ್ನೆ ಒತ್ತಿದಳು. ಮದುವೆಯಾದ ಹೊಸದರಲ್ಲಿ ಅಣ್ಣನ ಮಾತಿಗೆ ಹೇಗೆ ನಗುತ್ತಿದ್ದಳೋ ಹಾಗೆ ಅವಳ ಮುಖ ಬಿಚ್ಚಿಕೊಂಡಿತು. ಅವಳು ಬಾವಿ ಮೇಸ್ತ್ರಿಯ ಮಗಳು; ಅವಳ ತಂದೆಯ ಕೈಕೆಳಗೆ ದೊಡ್ಡ ಗುಂಪೇ ಇಳಿಯುತ್ತಿತ್ತು. ಊಟಕ್ಕೆ ಮೇಸ್ತ್ರಿ ಮೊದಲು, ಮಣ್ಣಿಗೆ ಮೇಸ್ತ್ರಿ ಕೊನೆ ಎಂದು ಆ ಮುದುಕ ಹೇಳುತ್ತಿದ್ದನಂತೆ. ಹೇಳಿದ ಹಾಗೇ ಸತ್ತ. ಬಾವಿ ಕುಸಿದ ದಿನ ಕೂಲಿಯವರನ್ನೆಲ್ಲ ಹತ್ತಿಸಿ ತಾನು ಉಳಿದುಕೊಂಡ. ಚಿಕ್ಕ ಆ ಕಥೆಯನ್ನು ಹಲವು ಸಲ ಕೇಳಿದ್ದ, ಊಟ ಮಾಡುತ್ತಾ, ಅರ್ಧ ಕಿವಿಯಲ್ಲಿ. ಅಣ್ಣತಮ್ಮ ಇಬ್ಬರದೇ ಕೆಲಸದಲ್ಲಿ ಮೊದಲು ಕೊನೆ ಎಂಬುದೆಲ್ಲಿ ಬಂತು. ಕೆಳಗೆ ಇರುತ್ತಿದ್ದವನು ಒಬ್ಬನೇ.

"ಗುದ್ದಲಿ ಮೊಂಡಾಗಿದೆ, ಹರಿತ ಮಾಡಿಸಿಲ್ಲ" ಎಂದಳು ಅತ್ತಿಗೆ. ಆಮೇಲೆ, "ಇವರು ತಟ್ಟಿದ ಮೇಲೇ ಮಿಕ್ಕವರು ಅಗೀತಾರೆ, ಕೇಳಿದ್ಯಾ? ಮೇಸ್ತ್ರಿ ಆಗಿಬಿಟ್ಟಿದ್ದಾರೆ. ನಮ್ಮಪ್ಪನ ಹಾಗೆ." ಅವಳ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಗೆ ಅವಳೇ ನಾಚಿ ಹಂಡೆಯಿಂದ ಎದ್ದಳು.

"ಹತ್ತಿರ ಬಂದುಬಿಟ್ಟಿದ್ದಾರೆ" ಎಂದ ಚಿಕ್ಕ. "ಇವತ್ತು ಹೇಳ್ಲೇಬೇಕು. ಇಲ್ಲದಿದ್ರೆ ಗೋಡೆ ಬೀಳುತ್ತೆ."

"ಹೇಳು. ಆದ್ರೆ ಅವರನ್ನ ಮೊದಲು ಆಚೆ ಕಳಿಸಿ ಆಮೇಲೆ ಹೊಗೆ ಬಿಡೋ ಹಾಗೆ ಮಾಡು. ಶತ್ರು ಕೈಯಲ್ಲೇ ಇರಲಿ. ಹಗ್ಗ ಕಟ್ಟಿ ದುಡಿಸ್ಕೊಳ್ಳಲಿ. ಎಲ್ಲೋ ಒಂದು ಕಡೆ ಇದ್ರೆ ಸಾಕು." ಅಷ್ಟು ಹೇಳುವಷ್ಟರಲ್ಲಿ ಕಾವಲಿನವನು ಈಟಿಯ ಹಿಡಿಯಿಂದ ಇಬ್ಬರು ಹೆಂಗಸರನ್ನೂ ಅಟ್ಟಿದ.

ದಳಪತಿ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಆಮೇಲೆ ಶಾಪ ಹಾಕುವುದಕ್ಕಾದರೂ ಒಬ್ಬ ಸಿಗುತ್ತಿದ್ದ. ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಅವನು ಚಿಕ್ಕನ ಮಾತನ್ನೆಲ್ಲ ಕೇಳಿದ.

"ನಿನ್ನೆಯೇ ಕೇಳಿಸ್ತು ಅಲ್ವಾ?" ಎಂದ.

ಚಿಕ್ಕ ಹೌದೆಂದು ತಲೆಯಾಡಿಸಿದ.

"ಇರಲಿ. ನನಗೆ ಬೇಕಾಗಿರೋದು ಗೋಡೆ, ಹೆಣ ಅಲ್ಲ. ಸುರಂಗ ಖಾಲಿ ಆದ್ರೆ ಸಾಕು. ಹೊರಗೆ ಹೋದವರು ಮತ್ತೆ ಬರದ ಹಾಗೆ ಹೊಗೆ ತುಂಬಿ, ನಾವು ಅದನ್ನ ಮುಚ್ಚಿಬಿಡ್ತೀವಿ. ಆದ್ರೆ ಅವರು ಹೋದ್ರು ಅಂತ ಗೊತ್ತಾಗೋದು ಹೇಗೆ?"

"ನಮ್ಮ ಕೆಲಸದಲ್ಲಿ ಒಂದು ತಟ್ಟು ಇದೆ. ಮಣ್ಣು ಬಂತು, ಬಿಟ್ಟು ಓಡು ಅಂತ. ಅದು ಕೇಳಿದ್ರೆ ಅಣ್ಣ ಒಂದು ಗಳಿಗೆ ನಿಲ್ಲಲ್ಲ. ಓಡೋದು ಹಂಡೇಲಿ ಕೇಳುತ್ತೆ."

"ಸರಿ. ನೀನು 'ಹೋದ' ಅಂದಮೇಲೇ ತಿದಿ ಒತ್ತಿಸ್ತೀನಿ. ಜವಾಬ್ದಾರಿ ನಿಂದು."

ಚಿಕ್ಕನಿಗೆ ಆ ಕ್ಷಣ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬಿದ್ದನೂ ಕೂಡ.

ಎದುರು ಸುರಂಗವನ್ನು ಬುರುಜಿನ ಪಕ್ಕದಿಂದ ಇಳಿಸಿದರು. ತಳ ಮುಟ್ಟುವ ಹೊತ್ತಿಗೆ ಹೊರಗಿನವರ ಗುದ್ದಲಿ ಬರಿಗಿವಿಗೇ ಕೇಳುತ್ತಿತ್ತು. ಕಮ್ಮಾರ, ಅವನ ಇಬ್ಬರು ತಿದಿಯಾಳುಗಳು, ಹೆಗಲ ಮೇಲೆ ಗುಡಾಣ ಹೊತ್ತ ಸೈನಿಕರು ಒಬ್ಬರ ಹಿಂದೊಬ್ಬರು ಇಳಿದರು. ನಡುವಿನ ಮಣ್ಣು ಅಂಗೈ ಅಗಲವಷ್ಟೇ ಉಳಿದಿತ್ತು. ತಟ್ಟಬೇಕಾದವನು ಅಲ್ಲಿಗೆ ಇಳಿಯಬೇಕಿತ್ತು. ಇಳಿಯಬೇಕಾದವನು ಸುರಂಗದ ಬಾಯಲ್ಲಿ ನಿಂತು ನಡುಗುತ್ತಿದ್ದ.

"ಏನಯ್ಯಾ, ಬಾವಿ ಮಕ್ಕಳಿಗೂ ಕತ್ತಲೆ ಭಯನಾ?" ಎಂದ ಕಮ್ಮಾರ ಕೆಳಗಿನಿಂದ.

ಚಿಕ್ಕನ ಕಾಲು ಏಳಲಿಲ್ಲ. ಅವನು ಹಂಡೆಯ ಹತ್ತಿರವೇ ಉಳಿದ. ಒಂದು ಉದ್ದನೆಯ ಕಬ್ಬಿಣದ ಸರಳನ್ನು ಮೇಲಿನಿಂದಲೇ ಮಣ್ಣಿಗೆ ಇಳಿಸಿ, ಅದರ ತಲೆಯ ಮೇಲೆ ಸುತ್ತಿಗೆಯಿಂದ ಬಡಿದ. ಬಿಡುವಿಲ್ಲದ ತಟ್ಟು, ಹೆದರಿದ ಎದೆಯ ಹಾಗೆ. ಮಣ್ಣು ಬಂತು, ಮಣ್ಣು ಬಂತು, ಬಿಟ್ಟು ಓಡು.

ನಿಲ್ಲಿಸಿ ಹಂಡೆಗೆ ಕಿವಿ ಕೊಟ್ಟ. ಕೆಳಗೆ ಗುದ್ದಲಿಗಳೆಲ್ಲ ಒಟ್ಟಿಗೇ ನಿಂತಿದ್ದವು. ಆಮೇಲೆ ಒಂದೇ ಒಂದು ತಟ್ಟು ಬಂತು, ಸ್ಪಷ್ಟವಾಗಿ. ಕೇಳಿಸಿತು ಎಂಬುದಕ್ಕೆ ಅವರ ಕೆಲಸದಲ್ಲಿರುವ ಉತ್ತರ. ಇಷ್ಟು ದಿನದ ಮೇಲೆ ಅಣ್ಣ ಅವನ ಜೊತೆ ಮಾತಾಡಿದ್ದ. ಗೋಡೆಯೊಳಗಿನಿಂದ ಆ ತಟ್ಟನ್ನು ಕೊಟ್ಟದ್ದು ಯಾರೆಂದು ಅವನಿಗೂ ಗೊತ್ತಾಗಿರಲೇಬೇಕು. ಚಿಕ್ಕನ ಕಣ್ಣೀರು ತಾಮ್ರದ ಮೇಲೆ ಇಳಿಯಿತು.

ಆಮೇಲೆ ಓಟ. ತುಂಬ ಕಾಲುಗಳು ಧಡಧಡನೆ ಓಡುತ್ತಾ ದೂರವಾದವು, ಇನ್ನೂ ದೂರ. ಕೊನೆಗೆ ಹಂಡೆಯಲ್ಲಿ ಏನೂ ಉಳಿಯಲಿಲ್ಲ. ಚಿಕ್ಕ ಉಸಿರು ಬಿಗಿಹಿಡಿದು ಕೇಳಿದ. ಒಂದು ಹೆಜ್ಜೆಯಿಲ್ಲ, ಒಂದು ಕಲ್ಲು ಉರುಳಿದ್ದಿಲ್ಲ. ಅಷ್ಟು ಸ್ವಚ್ಛವಾದ ಮೌನವನ್ನು ಅವನು ಆ ನೆಲದಲ್ಲಿ ಕೇಳಿಯೇ ಇರಲಿಲ್ಲ.

"ಹೋದ್ನಾ?" ಎಂದ ದಳಪತಿ.

"ಹೋದ" ಎಂದ ಚಿಕ್ಕ. ನಗುತ್ತಾ ಹೇಳಿದ.

ದಳಪತಿ ಕೈ ಬೀಸಿದ. ಕೆಳಗೆ ಕೊಳವೆ ಮಣ್ಣನ್ನು ತೂರಿಕೊಂಡು ಹೋಯಿತು, ತಿದಿ ಏದುಸಿರು ಬಿಡತೊಡಗಿತು. ಗರಿ ಸುಟ್ಟ ನಾತ ಮೇಲಕ್ಕೂ ಬಂತು. ಊರಿನವರೆಲ್ಲ ತಲೆಯಿಟ್ಟು ಮಲಗಿದ್ದ, ಕನಸು ಕಂಡಿದ್ದ ದಿಂಬುಗಳ ನಾತ. ಸೈನಿಕನೊಬ್ಬ ಮೂಗು ಮುಚ್ಚಿಕೊಂಡು, "ನನ್ನ ಹೆಂಡ್ತಿ ಅಡಿಗೆ ಇದಕ್ಕಿಂತ ವಾಸಿ" ಎಂದ. ಸುತ್ತಲಿದ್ದವರು ನಕ್ಕರು. ಚಿಕ್ಕನೂ ನಕ್ಕ. ಮನೆಗೆ ಹೋಗಿ ಅತ್ತಿಗೆಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಾ, ಸುಮ್ಮನೆ, ಅಭ್ಯಾಸಬಲದಿಂದ, ಇನ್ನೊಮ್ಮೆ ಹಂಡೆಗೆ ಕಿವಿಯಿಟ್ಟ.

ಎರಡು ತಟ್ಟು. ಭಾರವಾದವು, ಹತ್ತಿರದವು.

ಎಳೆ, ಎಂದು ಅದರ ಅರ್ಥ. ಬುಟ್ಟಿ ತುಂಬಿದೆ, ಎಳೆ. ನಾನು ಹಗ್ಗ ಹಿಡಿದಿದ್ದೇನೆ, ಎಳೆ. ಹುಡುಗನಾಗಿದ್ದಾಗಿನಿಂದ ಆ ಎರಡು ತಟ್ಟು ಕೇಳಿದೊಡನೆ ಚಿಕ್ಕನ ಕೈ ತಾನಾಗಿ ಹಗ್ಗ ಎಳೆಯುತ್ತಿತ್ತು. ಈಗಲೂ ಅವನ ಎರಡು ಕೈ ಗಾಳಿಯಲ್ಲಿ ಮುಷ್ಟಿ ಕಟ್ಟಿದವು. ಮುಷ್ಟಿಯಲ್ಲಿ ಏನೂ ಇರಲಿಲ್ಲ.

"ನಿಲ್ಲಿಸಿ" ಎಂದು ಅವನು ಕೂಗಿದ. ದಳಪತಿಯೂ ಕೂಗಿದ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ತಿದಿಯ ಸದ್ದಿನಲ್ಲಿ ಕೆಳಗಿನವರಿಗೆ ಕೇಳಿಸಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಚಿಕ್ಕ ಒದ್ದೆ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡು ಸುರಂಗದ ಬಾಯಿಗೆ ಹಾರಿಯಾಗಿತ್ತು. ಉಸಿರು ಕಟ್ಟುತ್ತದೆಂಬುದು, ಕೈಕಾಲು ಸೆಟೆಯುತ್ತದೆಂಬುದು ಅವನಿಗೆ ನೆನಪಾಗಲೇ ಇಲ್ಲ. ಒಂದು ಗಳಿಗೆ ಮುಂಚೆ ನೆನಪಾಗದೆ ಇದ್ದಿದ್ದರೆ.

ಕಮ್ಮಾರನನ್ನು ಪಕ್ಕಕ್ಕೆ ತಳ್ಳಿ, ಗುದ್ದಲಿ ಕಿತ್ತುಕೊಂಡು, ಅಂಗೈ ಅಗಲದ ಆ ಮಣ್ಣನ್ನು ಒಡೆದ. ಹೊಗೆ ಗೂಳಿಯ ಹಾಗೆ ಎದೆಗೆ ಹಾಯಿತು. ಅದರೊಳಗೆ ಕೈಯಾಡಿಸಿದಾಗ ಮೊದಲು ಸಿಕ್ಕಿದ್ದು ಮರದ ಕಂಬ. ಕಂಬಕ್ಕೆ ಬೆನ್ನು ಕೊಟ್ಟು, ಎರಡು ಕಾಲನ್ನೂ ಎದುರು ಗೋಡೆಗೆ ಒದೆಕೊಟ್ಟು ಅಣ್ಣ ಕೂತಿದ್ದ. ಕುಸಿಯದಿದ್ದ ಮಣ್ಣನ್ನು ಹೊತ್ತು ಕೂತಿದ್ದ.

ಆ ಮೈಯನ್ನು ಮೇಲೆ ತಂದವನು ಚಿಕ್ಕನೇ. ಯಾರಿಗೂ ಮುಟ್ಟಗೊಡಲಿಲ್ಲ. ದಳಪತಿ ತಲೆಯ ಮೇಲಿನ ಉಕ್ಕಿನ ಟೋಪಿ ತೆಗೆದು ನಿಂತ. "ಊರು ಉಳಿಸಿದೆ ಕಣಪ್ಪಾ" ಎಂದ. ಚಿಕ್ಕ ಅವನ ಮುಖವನ್ನು ನೋಡಿದ. "ಊರನ್ನ ಕರೆದು ಹೇಳಿ. ಬಂದು ಹೊರಲಿ" ಎಂದ.

ಅತ್ತಿಗೆ ಹೊಸ್ತಿಲಲ್ಲೇ ಇದ್ದಳು. ಅಣ್ಣನನ್ನು ಮಲಗಿಸಿದಾಗ ಒಳಗೆ ಹೋಗಿ, ಕಣಜದೊಳಗಿನಿಂದ ದಿಂಬು ತೆಗೆದು, ದೂಳು ಕೊಡವದೆ, ಅವನ ತಲೆಯ ಕೆಳಗೆ ಇಟ್ಟಳು. ಗುಳಿಯೊಳಗೆ ತಲೆ ಸರಿಯಾಗಿ ಕೂತಿತು. ಆಗ ಅತ್ತಳು. ಹಂಡೆಯ ಅಜ್ಜಿ ಅವಳ ಬೆನ್ನು ಸವರುತ್ತಾ ಕೂತಳು.

ಅಳು ತಗ್ಗಿದ ಮೇಲೆ ಅತ್ತಿಗೆ ಕೇಳಿದಳು, "ಓಡು ಅಂತ ತಟ್ಟಲಿಲ್ವಾ ನೀನು?"

"ತಟ್ಟಿದೆ. ಅಣ್ಣ ಕೇಳಿಸ್ತು ಅಂತ ಉತ್ತರ ಕೊಟ್ಟ. ಎಲ್ಲರೂ ಓಡಿದ್ದು ಕೇಳಿಸ್ತು ಅತ್ತಿಗೆ. ಆಮೇಲೆ ಒಂದು ಹೆಜ್ಜೆ ಸದ್ದಿರಲಿಲ್ಲ. ಅವನು ಯಾಕೆ ನಿಂತ? ಯಾಕೆ ನಿಂತ ಅಂತ?"

"ಯಾವ ತಟ್ಟು ಕೊಟ್ಟೆ?"

"ಮಣ್ಣು ಬಂತು ಅಂತ."

ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಲ್ಲೇ ತಲೆಯಾಡಿಸಿದಳು, ಎಂದೋ ಒಮ್ಮೆ ಕೇಳಿದ್ದ ಸುದ್ದಿಯನ್ನು ಮತ್ತೊಮ್ಮೆ ಕೇಳಿದವಳ ಹಾಗೆ.

"ಜನ ಇದ್ರಲ್ಲೋ ಅವರ ಕೈಕೆಳಗೆ" ಎಂದಳು. "ಮಣ್ಣಿಗೆ ಮೇಸ್ತ್ರಿ ಕೊನೆ. ಎಲ್ಲ ದಾಟಿ ಹೊರಗೆ ಬೀಳೋವರೆಗೂ ಕಂಬ ಹಿಡಿದು ಕೂರಬೇಕು, ಕೂತವನು ಮಿಸುಕಬಾರದು."

ಚಿಕ್ಕನಿಗೆ ಆ ಸ್ವಚ್ಛವಾದ ಮೌನ ನೆನಪಾಯಿತು. ಅದು ಖಾಲಿ ಸುರಂಗದ ಮೌನವಲ್ಲ. ಅದು ಅಣ್ಣ.

"ಊಟಕ್ಕೆ ತಟ್ಟಿದ್ರೆ" ಎಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಊಟಕ್ಕೆ ತಟ್ಟಿದ್ರೆ ಎಲ್ಲರಿಗಿಂತ ಮುಂದೆ ಎದ್ದು ಹೋಗ್ತಿದ್ರು. ನನ್ನ ಕೇಳಿದ್ರೆ ಹೇಳ್ತಿದ್ದೆ."

ಊಟಕ್ಕೆ ಮೂರು ನಿಧಾನದ ತಟ್ಟು, ಮೇಲಿನಿಂದ. ಆ ತಟ್ಟು ಮುಗಿಯುವ ಮೊದಲೇ ಅಣ್ಣ ಹಗ್ಗ ಹಿಡಿದು ಅರ್ಧ ಬಾವಿ ಹತ್ತಿರುತ್ತಿದ್ದ, ಗೊಣಗುತ್ತಾ, "ಲೇ, ಸಾರು ಆರ್ತಾ ಇದೆಯೇನೋ" ಎನ್ನುತ್ತಾ. ಅದು ಚಿಕ್ಕನಿಗೂ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು, ಬಿಡಿಬಿಡಿಯಾಗಿ.

ಸುಡುವುದಕ್ಕೆ ಊರಿನಲ್ಲಿ ಕಟ್ಟಿಗೆ ಉಳಿದಿರಲಿಲ್ಲ. ಮರುದಿನ ಬೆಳಗಿನ ಬಿಸಿಲಿನಲ್ಲಿ ಹಿತ್ತಲಲ್ಲೇ ಗುಂಡಿ ತೋಡಿದ್ದು ಚಿಕ್ಕ. ನೆರೆಯವರು ಬಂದರೆ ಬೇಡವೆಂದ. ಮೊಣಕಾಲು ಮುಚ್ಚಿತು, ಸೊಂಟ ಮುಚ್ಚಿತು, ಎದೆ ಮುಚ್ಚಿತು. ಅವನು ತೋಡುತ್ತಲೇ ಹೋದ. ಒಬ್ಬ ಮನುಷ್ಯನಿಗೆ ಬೇಕಾದದ್ದಕ್ಕಿಂತ ಆಳವಾಯಿತು. ನಡುನಡುವೆ ಗುದ್ದಲಿಯ ಹಿಡಿಯಿಂದ ಗೋಡೆಯನ್ನು ಎರಡು ಸಲ ತಟ್ಟುತ್ತಿದ್ದ. ಮೂರನೆಯದಕ್ಕೆ ಕೈ ಏಳುತ್ತಿರಲಿಲ್ಲ.

ಗೂಟದಲ್ಲಿ ನೇತುಹಾಕಿದ್ದ ಹಗ್ಗವನ್ನು ಅತ್ತಿಗೆ ತಂದು ಕೆಳಗೆ ಇಳಿಬಿಟ್ಟಳು. ಒಣಗಿದ, ಗಟ್ಟಿಯಾದ ಹಗ್ಗ. ಎಲ್ಲೂ ಕೊಳೆತಿರಲಿಲ್ಲ.

"ಸಾಕು, ಬಾ ಮೇಲೆ" ಎಂದಳು.

"ನೀವು ಒಳಗೆ ಹೋಗಿ ಅತ್ತಿಗೆ. ನಾನು ಕೊನೇಲಿ ಬರ್ತೀನಿ."

ಅವಳು ಹೋಗಲಿಲ್ಲ. ಅಂಚಿನಲ್ಲಿ ಕೂತು, ಬಾವಿಯವರು ಸುತ್ತಿಕೊಳ್ಳುವ ಹಾಗೆ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. ಕೆಳಗೆ ಗುದ್ದಲಿ ನಿಂತಿತ್ತು. ಏನೂ ಕೇಳುತ್ತಿರಲಿಲ್ಲ. ಆ ಮೌನವನ್ನು ನಂಬದೆ, ಅವಳು ಹಗ್ಗ ಹಿಡಿದೇ ಕೂತಿದ್ದಳು.